ಬಾಗಿಲಲ್ಲಿ ಅಡ್ಡ ನಿಂತ ಪ್ರೋಟೀನ್: ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೈಟೊಕಾಂಡ್ರಿಯ ಸೊರಗುವುದು ಹೇಗೆ?

ಪ್ರಶ್ನೆ: ನನ್ನ ತಂದೆಗೆ 64 ವರ್ಷ. ಎರಡು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನಮ್ಮ ಮನೆತನದಲ್ಲಿ ಬೇರೆ ಯಾರಿಗೂ ಈ ಕಾಯಿಲೆ ಇರಲಿಲ್ಲ. ಮಿದುಳಿನ ಒಂದು ಪ್ರೋಟೀನ್ ಮೈಟೊಕಾಂಡ್ರಿಯಕ್ಕೆ ಅಂಟಿಕೊಂಡು ಅದನ್ನು ಹಾಳುಮಾಡುವುದರಿಂದ ಈ ಕಾಯಿಲೆ ಬರುತ್ತದೆ ಎಂದು ಓದಿದೆ. ಇದು ನಿಜವೇ? ನಿಜವಾದರೆ, ಮೈಟೊಕಾಂಡ್ರಿಯಕ್ಕೆ ಬಲ ಕೊಡುತ್ತದೆಂದು ಮಾರುವ ಕೋಎನ್‌ಜೈಮ್ ಕ್ಯು10 ಕ್ಯಾಪ್ಸೂಲ್ ಕೊಡಬಹುದೇ? ಪ್ರೋಟೀನ್ ಇರುವ ಬೇಳೆ, ಮೊಟ್ಟೆ ಕಡಿಮೆ ಮಾಡಬೇಕೇ? ನನಗೂ ಇದು ಬರಬಹುದೇ?

ಉತ್ತರ: ನೀವು ಓದಿದ ಮಾತು ಬಹುಮಟ್ಟಿಗೆ ನಿಜ. ಆದರೆ ‘ಅಂಟಿಕೊಂಡು ಹಾಳುಮಾಡುತ್ತದೆ’ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರೆ ಅಸಲು ವಿಷಯವೇ ಬಿಟ್ಟುಹೋಗುತ್ತದೆ. ಆ ಪ್ರೋಟೀನ್ ಯಾವ ರೂಪದಲ್ಲಿರುವಾಗ, ಮೈಟೊಕಾಂಡ್ರಿಯದ ಯಾವ ಭಾಗದಲ್ಲಿ, ಯಾವ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ ಎಂಬುದು ತಿಳಿದರೆ ಕ್ಯಾಪ್ಸೂಲಿನ ಪ್ರಶ್ನೆಗೂ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆದ್ದರಿಂದ ಮೊದಲನೆಯ ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ.

ಆಹಾರದ ಸಾರವನ್ನು ಆಮ್ಲಜನಕದ ನೆರವಿನಿಂದ ಎಟಿಪಿ ಎಂಬ ಶಕ್ತಿಯ ರೂಪಕ್ಕೆ ತರುವ ಭಾಗವೇ ಮೈಟೊಕಾಂಡ್ರಿಯ ಎಂದು ಶಾಲೆಯಲ್ಲಿ ಕಲಿತಿರುತ್ತೀರಿ. ಅಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿಯೊಂದಿದೆ: ತನಗೆ ಬೇಕಾದ ಪ್ರೋಟೀನ್‌ಗಳಲ್ಲಿ ಹೆಚ್ಚಿನವನ್ನು ಮೈಟೊಕಾಂಡ್ರಿಯ ತಾನೇ ತಯಾರಿಸಿಕೊಳ್ಳಲಾರದು. ಅದಕ್ಕೆ ಸ್ವಂತ ಡಿಎನ್‌ಎ ಇದೆಯಾದರೂ ಮನುಷ್ಯರಲ್ಲಿ ಅದರಲ್ಲಿರುವುದು 37 ಜೀನ್‌ಗಳು ಮಾತ್ರ, ಅವುಗಳಿಂದ ತಯಾರಾಗುವುದು 13 ಪ್ರೋಟೀನ್‌ಗಳು ಮಾತ್ರ. ಮೈಟೊಕಾಂಡ್ರಿಯದಲ್ಲಿ ಕೆಲಸ ಮಾಡುವ ಪ್ರೋಟೀನ್‌ಗಳ ಬಗೆಗಳಾದರೋ ಸಾವಿರಕ್ಕೂ ಹೆಚ್ಚು. ಉಳಿದವೆಲ್ಲ ಕೋಶಕೇಂದ್ರದ ಜೀನ್‌ಗಳ ಆದೇಶದಂತೆ ಹೊರಗೆ ತಯಾರಾಗಿ ಒಳಗೆ ಬರಬೇಕು. ಎಲೆಕ್ಟ್ರಾನ್‌ಗಳನ್ನು ಒಂದರಿಂದ ಒಂದಕ್ಕೆ ದಾಟಿಸುತ್ತ ಸಾಗುವ ಶಕ್ತಿ ಉತ್ಪಾದನೆಯ ಸರಪಳಿಯ ಮೊದಲ ಕೊಂಡಿಯಾದ ಕಾಂಪ್ಲೆಕ್ಸ್-1 ಎಂಬ ಕಿಣ್ವವೊಂದರಲ್ಲೇ 45 ಘಟಕಗಳಿವೆ. ಅವುಗಳಲ್ಲಿ ಏಳು ಮಾತ್ರ ಒಳಗಿನವು. ಹೀಗೆ ಬರುವ ಪ್ರೋಟೀನ್‌ಗಳನ್ನು ಹೊರಪೊರೆಯಲ್ಲಿರುವ ಟಾಮ್ ಎಂಬ ಪ್ರೋಟೀನ್ ಸಮೂಹ ಬರಮಾಡಿಕೊಳ್ಳುತ್ತದೆ. ಬಂದ ಪ್ರೋಟೀನಿನ ತುದಿಯಲ್ಲಿ ಸಾಮಾನ್ಯವಾಗಿ ಒಂದು ವಿಳಾಸ ಇರುತ್ತದೆ; ಟಾಮ್20 ಅದನ್ನು ಓದಿ, ಟಾಮ್22ರ ಜೊತೆಗೂಡಿ, ಟಾಮ್40 ಎಂಬ ನಾಳದೊಳಕ್ಕೆ ದಾಟಿಸುತ್ತದೆ. ಅಲ್ಲಿಂದ ಮುಂದೆ ಒಳಪೊರೆಯಲ್ಲಿರುವ ಟಿಮ್23 ಎಂಬ ಎರಡನೆಯ ದ್ವಾರವಿದೆ, ಅದರ ಮೂಲಕ ಸಾಗಲು ಒಳಪೊರೆಯ ಇಕ್ಕೆಲಗಳ ನಡುವೆ ವಿದ್ಯುತ್ ವ್ಯತ್ಯಾಸ ಇರಲೇಬೇಕು. ಆ ವ್ಯತ್ಯಾಸವನ್ನು ಉಂಟುಮಾಡುವುದು ಶಕ್ತಿ ಸರಪಳಿಯೇ. ಎಂದರೆ ಶಕ್ತಿ ಇದ್ದರೆ ಪ್ರೋಟೀನ್ ಒಳಬರುತ್ತದೆ, ಪ್ರೋಟೀನ್ ಒಳಬಂದರೆ ಶಕ್ತಿ ಉಂಟಾಗುತ್ತದೆ. ಈ ಪರಸ್ಪರ ಅವಲಂಬನೆಯನ್ನು ಗಮನದಲ್ಲಿಡಿ, ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಪಾರ್ಕಿನ್ಸನ್ ಕಾಯಿಲೆಯನ್ನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ್ದು 1817ರಲ್ಲಿ. ಅದರಲ್ಲಿ ಮೈಟೊಕಾಂಡ್ರಿಯದ ಪಾತ್ರವಿದೆ ಎಂಬ ಗಟ್ಟಿಯಾದ ಸುಳಿವು ಸಿಕ್ಕಿದ್ದು ಅದಾದ ಒಂದೂವರೆ ಶತಮಾನದ ನಂತರ, ಅದೂ ಪ್ರಯೋಗಾಲಯದಲ್ಲಲ್ಲ. 1982ರಲ್ಲಿ ಅಮೆರಿಕದ ಉತ್ತರ ಕ್ಯಾಲಿಫೋರ್ನಿಯದಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುತ್ತಿದ್ದ ಕೆಲವು ಯುವಕರು ಮೈ ಮರಗಟ್ಟಿ, ಮಾತಾಡಲಾರದೆ, ಕದಲಲಾರದೆ ಆಸ್ಪತ್ರೆಗೆ ಬಂದರು. ಮುದುಕರ ಕಾಯಿಲೆ ಎನ್ನಿಸಿಕೊಂಡಿದ್ದ ಪಾರ್ಕಿನ್ಸನ್ನಿನ ಲಕ್ಷಣಗಳೆಲ್ಲ ಅವರಲ್ಲಿದ್ದವು. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಬೆನ್ನುಹತ್ತಿ ನೋಡಿದಾಗ, ಕಳ್ಳತನದಲ್ಲಿ ತಯಾರಿಸಿದ ಆ ಮಾದಕದಲ್ಲಿ ಎಂಪಿಟಿಪಿ ಎಂಬ ಕಲ್ಮಶ ಸೇರಿತ್ತೆಂದು ತಿಳಿಯಿತು. ಮಿದುಳಿನಲ್ಲಿ ಅದು ಎಂಪಿಪಿ+ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಪಾರ್ಕಿನ್ಸನ್ನಿನಲ್ಲಿ ಸಾಯುವುದು, ದೇಹದ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು; ಅವು ಎಂಪಿಪಿ+ ಅನ್ನು ಡೋಪಮಿನ್ ಎಂದೇ ಬಗೆದು ಒಳಗೆ ಸೆಳೆದುಕೊಳ್ಳುತ್ತವೆ. ಒಳಹೊಕ್ಕ ಮೇಲೆ ಅದು ಮೈಟೊಕಾಂಡ್ರಿಯದಲ್ಲಿ ಶೇಖರವಾಗಿ ಕಾಂಪ್ಲೆಕ್ಸ್-1ನ್ನು ತಡೆಯುತ್ತದೆ. 1989ರಲ್ಲಿ ಲಂಡನ್ನಿನ ಸಂಶೋಧಕರು, ಯಾವ ವಿಷವನ್ನೂ ಸೇವಿಸಿರದ ಸಾಮಾನ್ಯ ರೋಗಿಗಳ ಮಿದುಳಿನಲ್ಲಿಯೂ ಕಾಂಪ್ಲೆಕ್ಸ್-1ರ ಕೆಲಸ ಕುಂದಿರುವುದನ್ನು ಮರಣೋತ್ತರ ಪರೀಕ್ಷೆಯಲ್ಲಿ ಕಂಡರು. ಇಂಥ ಅಧ್ಯಯನಗಳಿಗೆ ದಾನವಾಗಿ ಬಂದ ಮಿದುಳಿನ ಅಂಗಾಂಶವೇ ಆಧಾರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದಕ್ಕೆಂದೇ ಒಂದು ಬ್ರೈನ್ ಬ್ಯಾಂಕ್ ಇದೆ.

ಪ್ರೋಟೀನಿನ ಕಥೆ ಬೇರೊಂದು ದಿಕ್ಕಿನಿಂದ ಬಂತು. ಪೀಳಿಗೆಯಿಂದ ಪೀಳಿಗೆಗೆ ಪಾರ್ಕಿನ್ಸನ್ ಇಳಿದುಬರುತ್ತಿದ್ದ ಇಟಲಿ ಮತ್ತು ಗ್ರೀಸ್ ಮೂಲದ ಕೆಲವು ಕುಟುಂಬಗಳಲ್ಲಿ ಆಲ್ಫಾ-ಸೈನ್ಯೂಕ್ಲಿನ್ ಎಂಬ ಪ್ರೋಟೀನಿನ ಜೀನ್ ಬದಲಾಗಿರುವುದು 1997ರಲ್ಲಿ ಗೊತ್ತಾಯಿತು. 140 ಅಮೈನೊ ಆಮ್ಲಗಳ ಈ ಪುಟ್ಟ ಪ್ರೋಟೀನಿನಲ್ಲಿ 53ನೆಯದೊಂದು ಮಾತ್ರ ಅದಲುಬದಲಾಗಿತ್ತು. ಅದೇ ವರ್ಷ, ಕುಟುಂಬದಲ್ಲಿ ಯಾರಿಗೂ ಕಾಯಿಲೆ ಇಲ್ಲದ ರೋಗಿಗಳ ನರಕೋಶಗಳಲ್ಲಿ ಕಾಣುವ ಲೂಯಿ ಕಾಯಗಳೆಂಬ ಉಂಡೆಗಳಲ್ಲಿ ತುಂಬಿರುವುದೂ ಇದೇ ಪ್ರೋಟೀನ್ ಎಂದು ತಿಳಿಯಿತು. 2003ರಲ್ಲಿ ಇನ್ನೊಂದು ಮಹತ್ವದ ಸಂಗತಿ ಹೊರಬಂತು. ಅಮೆರಿಕದ ಒಂದು ಕುಟುಂಬದಲ್ಲಿ ಈ ಜೀನ್ ಕೆಟ್ಟಿರಲಿಲ್ಲ, ಆದರೆ ಒಂದು ಕ್ರೋಮೊಸೋಮಿನಲ್ಲಿ ಅದರ ಮೂರು ಪ್ರತಿಗಳಿದ್ದವು. ಪ್ರೋಟೀನಿನಲ್ಲಿ ದೋಷವಿಲ್ಲದಿದ್ದರೂ ಪ್ರಮಾಣ ಹೆಚ್ಚಾದರೆ ಸಾಕು, ಕಾಯಿಲೆ ಬರುತ್ತದೆ. ಆರೋಗ್ಯವಂತರ ನರತುದಿಗಳಲ್ಲಿ ಈ ಪ್ರೋಟೀನ್ ಧಾರಾಳವಾಗಿಯೇ ಇರುತ್ತದೆ. ನರಸಂದೇಶ ಹೊತ್ತ ಸೂಕ್ಷ್ಮ ಚೀಲಗಳ ಓಡಾಟದಲ್ಲಿ ನೆರವಾಗುತ್ತದೆ. ಅದಕ್ಕೆ ತನ್ನದೇ ಆದ ಖಚಿತ ಆಕಾರವಿಲ್ಲ. ಸಿಕ್ಕ ಪೊರೆಗೆ ಒರಗಿ ಸುರುಳಿಯಾಗುವುದು ಅದರ ಸ್ವಭಾವ, ಹಾಗೆಯೇ ಅನುಕೂಲ ತಪ್ಪಿದಾಗ ತನ್ನಂಥವುಗಳ ಜೊತೆಗೂಡಿ ಗಂಟುಕಟ್ಟುವುದೂ ಅದರ ಸ್ವಭಾವವೇ.

ಬಹುಕಾಲ ಈ ಎರಡು ಕಥೆಗಳು ಎರಡು ಪಂಗಡಗಳಂತೆ ನಡೆದವು: ಮೈಟೊಕಾಂಡ್ರಿಯ ಕೆಟ್ಟಿದ್ದೇ ಮೂಲ ಎನ್ನುವವರು ಒಂದು ಕಡೆ, ಗಂಟುಕಟ್ಟಿದ ಪ್ರೋಟೀನೇ ಮೂಲ ಎನ್ನುವವರು ಇನ್ನೊಂದು ಕಡೆ. ನಡುವೆ 2000ದಲ್ಲಿ ಅಮೆರಿಕದ ತಿಮೋತಿ ಗ್ರೀನಮೈರ್ ಅವರ ಪ್ರಯೋಗಾಲಯದಿಂದ ಒಂದು ಫಲಿತಾಂಶ ಬಂತು. ಮೀನು ಹಿಡಿಯಲೂ ಕೀಟ ಕೊಲ್ಲಲೂ ಬಳಸುತ್ತ ಬಂದ, ಕೆಲವು ಸಸ್ಯಗಳ ಬೇರಿನಿಂದ ತೆಗೆಯುವ ರೊಟಿನೋನ್ ಎಂಬ ವಿಷವನ್ನು ಅವರು ಇಲಿಗಳಿಗೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟರು. ರೊಟಿನೋನ್ ತಡೆಯುವುದೂ ಕಾಂಪ್ಲೆಕ್ಸ್-1ನ್ನೇ. ಆ ಇಲಿಗಳ ಡೋಪಮಿನ್ ಕೋಶಗಳು ಸತ್ತದ್ದಲ್ಲದೆ ಅವುಗಳಲ್ಲಿ ಆಲ್ಫಾ-ಸೈನ್ಯೂಕ್ಲಿನ್ ಗಂಟುಗಳೂ ಕಾಣಿಸಿಕೊಂಡವು. ಮೈಟೊಕಾಂಡ್ರಿಯಕ್ಕೆ ಏಟು ಬಿದ್ದರೆ ಪ್ರೋಟೀನೂ ಕೆಡುತ್ತದೆ ಎಂದಾಯಿತು. ಇದರ ವಿರುದ್ಧ ದಿಕ್ಕಿನ ಕೊಂಡಿ, ಎಂದರೆ ಕೆಟ್ಟ ಪ್ರೋಟೀನ್ ಮೈಟೊಕಾಂಡ್ರಿಯಕ್ಕೆ ಏಟು ಕೊಡುವುದು ಹೇಗೆ ಎಂಬುದು, ಅಣುಮಟ್ಟದಲ್ಲಿ ಸ್ಪಷ್ಟವಾಗಿದ್ದು 2016ರಲ್ಲಿ, ಅದೇ ಗುಂಪಿನ ಇನ್ನೊಂದು ಅಧ್ಯಯನದಿಂದ.

ಅವರು ಕಂಡದ್ದು ಇಷ್ಟು. ಆಲ್ಫಾ-ಸೈನ್ಯೂಕ್ಲಿನ್ ಹೋಗಿ ಕೂರುವುದು ಮೇಲೆ ಹೇಳಿದ ಟಾಮ್20ರ ಮೇಲೆ. ಕುಳಿತ ಮೇಲೆ ಟಾಮ್20ಕ್ಕೂ ಟಾಮ್22ಕ್ಕೂ ಆಗಬೇಕಾದ ಜೋಡಣೆ ಆಗುವುದಿಲ್ಲ, ಹೊರಗಿನಿಂದ ಬಂದ ಪ್ರೋಟೀನ್‌ಗಳು ಒಳಗೆ ಹೋಗುವುದು ಕುಂಠಿತವಾಗುತ್ತದೆ. ಕಾಂಪ್ಲೆಕ್ಸ್-1ಕ್ಕೆ ಬೇಕಾದ ಹೊಸ ಘಟಕಗಳು ಬರದೆ ಹೋದರೆ ಮೈಟೊಕಾಂಡ್ರಿಯದ ಉಸಿರಾಟ, ಎಂದರೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಕೆಲಸ, ಕುಗ್ಗುತ್ತದೆ, ಸರಪಳಿಯಿಂದ ಸೋರಿದ ಎಲೆಕ್ಟ್ರಾನ್‌ಗಳು ಆಮ್ಲಜನಕಕ್ಕೆ ಅಂಟಿ ಹಾನಿಕಾರಕ ರೂಪಗಳನ್ನು ಹುಟ್ಟುಹಾಕುತ್ತವೆ. ಇಲ್ಲಿ ಎಲ್ಲರೂ ಗಮನಿಸಬೇಕಾದ ಅಂಶವೆಂದರೆ, ಈ ಪ್ರೋಟೀನಿನ ಎಲ್ಲ ರೂಪಗಳೂ ಅಡ್ಡಿ ಮಾಡುವುದಿಲ್ಲ. ಒಂಟಿಯಾಗಿರುವ ಸಹಜ ರೂಪ ಅಲ್ಲಿ ಕೂರುವುದಿಲ್ಲ. ಪೂರ್ತಿಯಾಗಿ ನಾರುಗಟ್ಟಿದ ದೊಡ್ಡ ರೂಪವೂ ಕೂರುವುದಿಲ್ಲ. ಕೂರುವುದು ಕೆಲವೇ ಅಣುಗಳು ಕೂಡಿದ, ಇನ್ನೂ ದ್ರವದಲ್ಲಿ ತೇಲಾಡಬಲ್ಲ ಸಣ್ಣ ಗುಂಪುಗಳು, ಮತ್ತು ಡೋಪಮಿನ್ ತಗುಲಿ ಮಾರ್ಪಟ್ಟ ರೂಪಗಳು. ಮರಣೋತ್ತರವಾಗಿ ಪರೀಕ್ಷಿಸಿದ ರೋಗಿಗಳ ಮಿದುಳಿನಲ್ಲಿಯೂ ಆಲ್ಫಾ-ಸೈನ್ಯೂಕ್ಲಿನ್ ಮತ್ತು ಟಾಮ್20 ಹೀಗೆ ಅಂಟಿಕೊಂಡಿರುವುದು ಕಂಡುಬಂತು, ಅಂಥ ಕೋಶಗಳ ಮೈಟೊಕಾಂಡ್ರಿಯದಲ್ಲಿ ಕಾಂಪ್ಲೆಕ್ಸ್-1ರ ಹೊರಗಿನಿಂದ ಬರಬೇಕಾದ ಒಂದು ಘಟಕ ಕಡಿಮೆಯಾಗಿತ್ತು. ಕೋಶಗಳಲ್ಲಿ ಟಾಮ್20ರ ಪ್ರಮಾಣ ಹೆಚ್ಚಿಸಿದಾಗ ಪ್ರೋಟೀನ್ ಆಮದು ಸುಧಾರಿಸಿದ್ದು ಈ ವಾದಕ್ಕೆ ದೊಡ್ಡ ಬಲ ಕೊಟ್ಟಿತು. ದಶಕಗಳ ಕಾಲ ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತಿದ್ದ ದೊಡ್ಡ ಉಂಡೆಗಳನ್ನೇ ಅಪರಾಧಿ ಎಂದುಕೊಂಡಿದ್ದೆವು. ಕಣ್ಣಿಗೆ ಬೀಳದ ಸಣ್ಣ ಗುಂಪುಗಳೇ ಹೆಚ್ಚು ಅಪಾಯಕಾರಿ ಎಂಬ ಅನುಮಾನ ಈಗ ಬಲವಾಗಿದೆ.

ಹಾಗಾದರೆ ಯಾವುದು ಮೊದಲು ಎಂದು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಪ್ರತಿ ರೋಗಿಯಲ್ಲಿಯೂ ಒಂದೇ ಕಡೆಯಿಂದ ಆರಂಭವಾಗಬೇಕೆಂದಿಲ್ಲ. ಕೆಟ್ಟ ಪ್ರೋಟೀನನ್ನು ಒಡೆದುಹಾಕುವ ಕೆಲಸಕ್ಕೂ ಎಟಿಪಿ ಬೇಕು. ಶಕ್ತಿ ಕುಗ್ಗಿದರೆ ಕಸ ಉಳಿಯುತ್ತದೆ, ಕಸ ಉಳಿದರೆ ದ್ವಾರಕ್ಕೆ ಅಡ್ಡಿ, ಅಡ್ಡಿಯಾದರೆ ಮತ್ತೆ ಶಕ್ತಿ ಕುಗ್ಗುತ್ತದೆ. ವಿಷದಿಂದಾಗಲಿ, ಜೀನಿನಿಂದಾಗಲಿ, ವಯಸ್ಸಿನಿಂದಾಗಲಿ ಈ ವರ್ತುಲದ ಒಂದು ಕಡೆ ಪೆಟ್ಟು ಬಿದ್ದರೆ ಉಳಿದದ್ದು ತಾನಾಗಿ ಸುತ್ತತೊಡಗುತ್ತದೆ.

ಮೈಟೊಕಾಂಡ್ರಿಯ ದೇಹದ ತುಂಬ ಇರುವಾಗ ನಡುಮಿದುಳಿನ ಸಬ್‌ಸ್ಟಾನ್ಷಿಯ ನೈಗ್ರ ಎಂಬ ಕಪ್ಪು ಭಾಗದ ಡೋಪಮಿನ್ ಕೋಶಗಳೇ ಮೊದಲು ಸಾಯುವುದೇಕೆ? ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮಿದುಳು ಶಕ್ತಿಯಲ್ಲಿ ಸುಮಾರು ಶೇಕಡಾ 20ನ್ನು ಬಳಸುತ್ತದೆ. ಅದರಲ್ಲಿಯೂ ಈ ಕೋಶಗಳು ವಿಪರೀತ ಖರ್ಚಿನವು. ಒಂದೊಂದರ ನರತಂತುವೂ ಮರದಂತೆ ಕವಲೊಡೆದು ಇತರ ಕೋಶಗಳೊಂದಿಗೆ ಲಕ್ಷಾಂತರ ಸಂಧಿಗಳನ್ನು ಮಾಡಿಕೊಂಡಿರುತ್ತದೆ, ಮನುಷ್ಯರಲ್ಲಿ ಅದು ಹತ್ತು ಲಕ್ಷವನ್ನೂ ಮೀರುತ್ತದೆಂಬ ಅಂದಾಜಿದೆ. ಅಷ್ಟೂ ತುದಿಗಳಿಗೆ ಮೈಟೊಕಾಂಡ್ರಿಯ ಸಾಗಿಸಬೇಕು. ಸಾಲದ್ದಕ್ಕೆ ಇವು ಹೊರಗಿನ ಪ್ರಚೋದನೆ ಇಲ್ಲದಿದ್ದರೂ ತಾವಾಗಿ ಮಿಡಿಯುತ್ತಿರುತ್ತವೆ, ಪ್ರತಿ ಮಿಡಿತದಲ್ಲೂ ನುಗ್ಗುವ ಕ್ಯಾಲ್ಸಿಯಂ ಅನ್ನು ಹೊರಹಾಕಲು ಮತ್ತೆ ಶಕ್ತಿ ವ್ಯಯವಾಗುತ್ತದೆ. ಡೋಪಮಿನ್ ಕೂಡ ಸುಲಭವಾಗಿ ಆಕ್ಸಿಡೀಕರಣಗೊಳ್ಳುವ ವಸ್ತು. ಟಾಮ್20ಕ್ಕೆ ಅಂಟುವ ರೂಪಗಳಲ್ಲಿ ಡೋಪಮಿನ್ ತಗುಲಿದ್ದೂ ಒಂದು ಎಂದೆನಲ್ಲ, ಅದು ಈ ಕೋಶಗಳಲ್ಲೇ ಹೆಚ್ಚು ಉಂಟಾಗುವುದು ಸಹಜ.

ಇನ್ನು ನಿಮಗೂ ಬರಬಹುದೇ ಎಂಬ ಪ್ರಶ್ನೆ. ಇದಕ್ಕೆ ಉತ್ತರಿಸಲು ಪ್ರೋಟೀನ್ ಮತ್ತು ಮೈಟೊಕಾಂಡ್ರಿಯದ ಇನ್ನೊಂದು ಬಗೆಯ ನಂಟನ್ನು ಹೇಳಬೇಕು. ಇಲ್ಲಿ ಪ್ರೋಟೀನ್ ಅಂಟಿಕೊಳ್ಳುವುದು ಕೆಡಿಸಲಿಕ್ಕಲ್ಲ, ಕೆಟ್ಟ ಮೈಟೊಕಾಂಡ್ರಿಯವನ್ನು ಗುರುತಿಸಲಿಕ್ಕೆ. 1998ರಲ್ಲಿ ಜಪಾನಿನಲ್ಲಿ ಪಾರ್ಕಿನ್ ಎಂಬ ಜೀನ್, 2004ರಲ್ಲಿ ಯುರೋಪಿನ ಕುಟುಂಬಗಳಲ್ಲಿ ಪಿಂಕ್1 ಎಂಬ ಜೀನ್ ಪತ್ತೆಯಾದವು; ಎರಡೂ ಚಿಕ್ಕ ವಯಸ್ಸಿನಲ್ಲೇ ಬರುವ ಪಾರ್ಕಿನ್ಸನ್‌ಗೆ ಕಾರಣ. ಪಿಂಕ್1 ಪ್ರೋಟೀನ್ ಆರೋಗ್ಯವಾಗಿರುವ ಮೈಟೊಕಾಂಡ್ರಿಯದೊಳಕ್ಕೆ ಸದಾ ಹೋಗುತ್ತಿರುತ್ತದೆ, ಹೋದದ್ದು ಕತ್ತರಿಸಲ್ಪಟ್ಟು ನಾಶವಾಗುತ್ತಿರುತ್ತದೆ. ಒಳಪೊರೆಯ ವಿದ್ಯುತ್ ವ್ಯತ್ಯಾಸ ಬಿದ್ದುಹೋದರೆ ಅದು ಒಳಹೋಗಲಾರದೆ ದ್ವಾರದಲ್ಲೇ ಶೇಖರವಾಗುತ್ತದೆ. ಬಾಗಿಲ ಮುಂದೆ ಎತ್ತಿಕೊಳ್ಳದೆ ಬಿದ್ದಿರುವ ಹಾಲಿನ ಪ್ಯಾಕೆಟ್‌ಗಳನ್ನು ನೋಡಿ ಮನೆಯವರಿಗೆ ಏನೋ ಆಗಿದೆ ಎಂದು ನೆರೆಹೊರೆಯವರು ಅರಿಯುವಂತೆ, ಈ ಶೇಖರಣೆಯಿಂದಲೇ ಕೋಶಕ್ಕೆ ವಿಷಯ ತಿಳಿಯುತ್ತದೆ. ಪಿಂಕ್1 ಅಲ್ಲಿರುವ ಯುಬಿಕ್ವಿಟಿನ್ ಎಂಬ ಗುರುತಿನ ಪ್ರೋಟೀನಿಗೆ ಫಾಸ್ಫೇಟ್ ಸೇರಿಸಿ ಪಾರ್ಕಿನ್ ಪ್ರೋಟೀನನ್ನು ಕರೆತರುತ್ತದೆ. ಪಾರ್ಕಿನ್ ಇನ್ನಷ್ಟು ಗುರುತುಗಳನ್ನು ಹಚ್ಚುತ್ತದೆ. ಆಮೇಲೆ ಇಡೀ ಮೈಟೊಕಾಂಡ್ರಿಯವನ್ನೇ ಕೋಶದ ಕಸ ವಿಲೇವಾರಿ ವ್ಯವಸ್ಥೆ ನುಂಗಿಹಾಕುತ್ತದೆ. ಈ ಎರಡೂ ಒಂದೇ ದಾರಿಯ ಹಿಂದುಮುಂದಿನ ಹೆಜ್ಜೆಗಳೆಂದು 2006ರಲ್ಲಿ ಹಣ್ಣಿನ ನೊಣಗಳ ಅಧ್ಯಯನದಿಂದ ಗೊತ್ತಾಯಿತು. 2008ರಲ್ಲಿ ರಿಚರ್ಡ್ ಯೂಲ್ ಅವರ ಪ್ರಯೋಗಾಲಯವು ಪಾರ್ಕಿನ್ ಹಾಗೆ ಕೆಟ್ಟ ಮೈಟೊಕಾಂಡ್ರಿಯದತ್ತ ಧಾವಿಸುವುದನ್ನು ತೋರಿಸಿತು. ಕುತೂಹಲದ ವಿಷಯವೆಂದರೆ ಪಾರ್ಕಿನ್ ಜೀನ್ ಕೆಟ್ಟ ಅನೇಕ ರೋಗಿಗಳ ಮಿದುಳಿನಲ್ಲಿ ಲೂಯಿ ಕಾಯಗಳೇ ಇರುವುದಿಲ್ಲ. ಮೈಟೊಕಾಂಡ್ರಿಯದ ನಿರ್ವಹಣೆ ತಪ್ಪಿದರೆ ಆ ಉಂಡೆಗಳಿಲ್ಲದೆಯೂ ಕೋಶ ಸಾಯಬಲ್ಲದು ಎಂದಾಯಿತು.

ಈ ಎರಡು ಜೀನ್‌ಗಳ ವಿಷಯದಲ್ಲಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಯಿಲೆ ಬರುತ್ತದೆ, ಅದೂ ಹೆಚ್ಚಾಗಿ ನಲವತ್ತರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೊದಲೇ. ಅರವತ್ತು ದಾಟಿದ ಮೇಲೆ, ಮನೆತನದಲ್ಲಿ ಬೇರೆ ಯಾರಿಗೂ ಇಲ್ಲದೆ ಬಂದಿರುವ ನಿಮ್ಮ ತಂದೆಯವರ ಕಾಯಿಲೆ ಆ ಬಗೆಯದೆನ್ನಲು ಕಾರಣ ಕಾಣುವುದಿಲ್ಲ. ಒಂದೇ ಜೀನಿನಿಂದ ಬರುವ ಪಾರ್ಕಿನ್ಸನ್ ಒಟ್ಟು ರೋಗಿಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಮಾತ್ರ. ರೋಗಿಯ ಮಕ್ಕಳಿಗೆ ಅಪಾಯ ಇತರರಿಗಿಂತ ಸ್ವಲ್ಪ ಹೆಚ್ಚು ನಿಜ, ಆದರೂ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಭಯಪಟ್ಟು ನೀವೇ ಹಣ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ನಿಮ್ಮದು ಕೃಷಿಕ ಕುಟುಂಬವಾಗಿದ್ದರೆ ಅದಕ್ಕಿಂತ ಉಪಯುಕ್ತವಾದದ್ದು ಕೀಟನಾಶಕ, ಕಳೆನಾಶಕ ಸಿಂಪಡಿಸುವಾಗ ಕೈಗವಸು, ಮುಖಗವಸು ಧರಿಸುವುದು. ರೊಟಿನೋನ್ ಅಥವಾ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಬಳಸಿದ್ದ ಅಮೆರಿಕದ ಕೃಷಿಕರಲ್ಲಿ ಪಾರ್ಕಿನ್ಸನ್ ಪ್ರಮಾಣ ಸುಮಾರು ಎರಡೂವರೆ ಪಟ್ಟು ಇದ್ದದ್ದು 2011ರ ಅಧ್ಯಯನವೊಂದರಲ್ಲಿ ಕಂಡುಬಂದಿದೆ.

ಇದೇ ಮಾದರಿ ಬೇರೆ ನರಕ್ಷಯ ಕಾಯಿಲೆಗಳಲ್ಲೂ ಇದೆ, ಪಾತ್ರಧಾರಿಗಳು ಮಾತ್ರ ಬೇರೆ. ಹಂಟಿಂಗ್ಟನ್ ಕಾಯಿಲೆಯಲ್ಲಿ ಕೆಟ್ಟ ಹಂಟಿಂಗ್ಟಿನ್ ಪ್ರೋಟೀನ್ ಒಳದ್ವಾರವಾದ ಟಿಮ್23ಕ್ಕೆ ಅಂಟಿ ಆಮದನ್ನು ತಡೆಯುತ್ತದೆ. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಎಎಲ್‌ಎಸ್ ಕಾಯಿಲೆಯ ಒಂದು ಬಗೆಯಲ್ಲಿ ರೂಪ ಕೆಟ್ಟ ಎಸ್‌ಒಡಿ1 ಪ್ರೋಟೀನ್ ಹೊರಪೊರೆಯ ವಿಡಿಎಸಿ1 ಎಂಬ ನಾಳಕ್ಕೆ ಅಂಟುತ್ತದೆ. ಆಲ್‌ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಗಂಟುಕಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನ್ ತುಣುಕು ಮತ್ತು ಅದರ ಮೂಲ ಪ್ರೋಟೀನ್ ಮೈಟೊಕಾಂಡ್ರಿಯದಲ್ಲಿ ಸಿಕ್ಕಿಕೊಂಡಿರುವುದು ಕಂಡಿದೆ, ಆದರೆ ಅಲ್ಲಿ ಅದು ಕಾರಣವೋ ಜೊತೆಗಾರನೋ ಎಂಬ ವಿಷಯದಲ್ಲಿ ಪಾರ್ಕಿನ್ಸನ್‌ನಷ್ಟು ಗಟ್ಟಿಯಾದ ಮಾತು ಹೇಳಲು ನಾನು ಸಿದ್ಧನಿಲ್ಲ.

ಈಗ ಕ್ಯಾಪ್ಸೂಲಿಗೆ ಬರೋಣ. ಕೋಎನ್‌ಜೈಮ್ ಕ್ಯು10 ಕಾಂಪ್ಲೆಕ್ಸ್-1ರಿಂದ ಎಲೆಕ್ಟ್ರಾನ್‌ಗಳನ್ನು ಮುಂದಕ್ಕೆ ಒಯ್ಯುವ ವಸ್ತು. ಆದ್ದರಿಂದ ಅದನ್ನು ಕೊಟ್ಟರೆ ಒಳ್ಳೆಯದಾಗಬೇಕೆಂಬ ಊಹೆ ಅಸಂಬದ್ಧವೇನಲ್ಲ. 2002ರಲ್ಲಿ 80 ರೋಗಿಗಳ ಸಣ್ಣ ಪರೀಕ್ಷೆಯಲ್ಲಿ ಹೆಚ್ಚಿನ ಪ್ರಮಾಣ ತೆಗೆದುಕೊಂಡವರ ಕಾಯಿಲೆ ನಿಧಾನವಾದಂತೆ ಕಂಡಿತು, ಮಾರಾಟಗಾರರು ಇಂದಿಗೂ ಉಲ್ಲೇಖಿಸುವುದು ಅದನ್ನೇ. ಆಮೇಲೆ 600 ರೋಗಿಗಳ ದೊಡ್ಡ ಪರೀಕ್ಷೆ ನಡೆಯಿತು: ದಿನಕ್ಕೆ 1200 ಮಿಲಿಗ್ರಾಂ, 2400 ಮಿಲಿಗ್ರಾಂ ಮತ್ತು ಹುಸಿಮಾತ್ರೆ ಎಂದು ಮೂರು ಗುಂಪು. ಪ್ರಯೋಜನ ಕಾಣುವ ಸಂಭವವೇ ಇಲ್ಲವೆಂದು ಅದನ್ನು ಅರ್ಧಕ್ಕೆ ನಿಲ್ಲಿಸಲಾಯಿತು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಶಕ್ತಿಪೂರೈಕೆಗೆ ನೆರವಾಗುತ್ತದೆಂದು ದಿನಕ್ಕೆ 10 ಗ್ರಾಂ ಕ್ರಿಯಾಟಿನ್ ಕೊಟ್ಟು 1741 ರೋಗಿಗಳಲ್ಲಿ ನಡೆಸಿದ ಪರೀಕ್ಷೆಯೂ ಹೀಗೆಯೇ 2013ರಲ್ಲಿ ನಿಂತಿತು. ಕಾಂಪ್ಲೆಕ್ಸ್-1ರ ಘಟಕಗಳೇ ದ್ವಾರ ದಾಟಿ ಬರುತ್ತಿಲ್ಲವಾದರೆ ಸರಪಳಿಯ ಇನ್ನೊಂದು ವಸ್ತುವನ್ನು ಎಷ್ಟು ಸುರಿದರೂ ಫಲವೇನು ಎಂಬುದು ನನ್ನ ವಿವರಣೆ. ರೋಗ ಕಾಣಿಸಿಕೊಳ್ಳುವ ವೇಳೆಗೆ ಬಹಳಷ್ಟು ಕೋಶಗಳು ಸತ್ತಿರುವುದೂ ಇನ್ನೊಂದು ಕಾರಣವಿರಬಹುದು. ದುಬಾರಿಯಾದ ಆ ಕ್ಯಾಪ್ಸೂಲ್‌ನಿಂದ ಕಾಯಿಲೆ ನಿಧಾನವಾಗುತ್ತದೆ ಎನ್ನಲು ಆಧಾರವಿಲ್ಲ. ಆಲ್ಫಾ-ಸೈನ್ಯೂಕ್ಲಿನ್ ವಿರುದ್ಧದ ಪ್ರತಿಕಾಯಗಳನ್ನು ಪರೀಕ್ಷಿಸಿದ ಎರಡು ದೊಡ್ಡ ಅಧ್ಯಯನಗಳೂ 2022ರಲ್ಲಿ ಪ್ರಕಟವಾದಾಗ ತಮ್ಮ ಮುಖ್ಯ ಗುರಿಯನ್ನು ಮುಟ್ಟಿರಲಿಲ್ಲ. ಪ್ರತಿಕಾಯ ಹೆಚ್ಚಾಗಿ ಹಿಡಿಯುವುದು ಕೋಶದ ಹೊರಗಿರುವ ಪ್ರೋಟೀನನ್ನು, ಅಡ್ಡಿ ಇರುವುದು ಕೋಶದೊಳಗಿನ ದ್ವಾರದಲ್ಲಿ. ಟಾಮ್20ರಿಂದ ಆ ಸಣ್ಣ ಗುಂಪುಗಳನ್ನು ಬಿಡಿಸುವ, ಅಥವಾ ಪಿಂಕ್1, ಪಾರ್ಕಿನ್ ದಾರಿಯನ್ನು ಚುರುಕುಗೊಳಿಸುವ ಔಷಧದ ಹುಡುಕಾಟವೇ ನನಗೆ ಹೆಚ್ಚು ಅರ್ಥವತ್ತಾಗಿ ತೋರುತ್ತದೆ.

ಬೇಳೆ, ಮೊಟ್ಟೆಯ ಸಂಶಯ ಅನೇಕರಿಗಿದೆ. ಆಲ್ಫಾ-ಸೈನ್ಯೂಕ್ಲಿನ್ ನಮ್ಮ ನರಕೋಶಗಳು ತಾವೇ ತಯಾರಿಸುವ ಪ್ರೋಟೀನ್. ತಿಂದ ಬೇಳೆಯ ಪ್ರೋಟೀನ್ ಕರುಳಿನಲ್ಲಿ ಅಮೈನೊ ಆಮ್ಲಗಳಾಗಿ ಒಡೆದುಹೋಗುತ್ತದೆ, ಅದು ಮಿದುಳಿಗೆ ಹೋಗಿ ಗಂಟುಕಟ್ಟುವ ಮಾತೇ ಇಲ್ಲ. ಆದ್ದರಿಂದ ಕಾಯಿಲೆಯ ಹೆಸರಿನಲ್ಲಿ ತಂದೆಯವರ ಊಟದಿಂದ ಪ್ರೋಟೀನ್ ಕಡಿತ ಮಾಡಬೇಡಿ. ಪಾರ್ಕಿನ್ಸನ್ ಇರುವವರು ತೂಕ ಕಳೆದುಕೊಳ್ಳುವುದೇ ಹೆಚ್ಚು, ಸ್ನಾಯುಗಳೂ ಸೊರಗುತ್ತವೆ. ಆದರೆ ಊಟದ ಪ್ರೋಟೀನಿಗೂ ಅವರ ಮಾತ್ರೆಗೂ ಬೇರೆಯೇ ಒಂದು ಸಂಬಂಧವಿದೆ. ಲೆವೊಡೋಪವನ್ನು ಕರುಳಿನಿಂದ ರಕ್ತಕ್ಕೂ ರಕ್ತದಿಂದ ಮಿದುಳಿಗೂ ದಾಟಿಸುವ ವಾಹಕಗಳೇ ಕೆಲವು ಅಮೈನೊ ಆಮ್ಲಗಳನ್ನೂ ದಾಟಿಸುತ್ತವೆ. ಮೊಟ್ಟೆ, ಹಾಲು, ಗಟ್ಟಿ ಬೇಳೆಯ ಜೊತೆಗೇ ಮಾತ್ರೆ ನುಂಗಿದರೆ ಪೈಪೋಟಿಯಲ್ಲಿ ಮಾತ್ರೆ ಹಿಂದೆ ಬೀಳುತ್ತದೆ. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನೀರಿನೊಂದಿಗೆ ತೆಗೆದುಕೊಳ್ಳುವುದು ರೂಢಿ. ವಾಕರಿಕೆ ಬಂದರೆ ಒಂದು ಬಿಸ್ಕತ್ತು ಜೊತೆಗಿರಲಿ. ಹಾಗೆ ಮಾಡಿದ ಮೇಲೂ ಮಧ್ಯಾಹ್ನದ ಊಟದ ನಂತರ ನಡಿಗೆ ಕಟ್ಟಿಹಾಕಿದಂತಾಗುತ್ತಿದ್ದರೆ, ದಿನದ ಪ್ರೋಟೀನಿನ ಹೆಚ್ಚಿನ ಪಾಲನ್ನು ರಾತ್ರಿಯ ಊಟಕ್ಕೆ ಬದಲಿಸಬಹುದೇ ಎಂದು ಅವರನ್ನು ನೋಡುತ್ತಿರುವ ನರವೈದ್ಯರನ್ನು ಕೇಳಿ. ಯಾರಾದರೂ ನಸುಗುನ್ನಿ ಬೀಜದ ಪುಡಿಯನ್ನು ಸೂಚಿಸಿದ್ದರೆ ಅದನ್ನೂ ವೈದ್ಯರಿಗೆ ಹೇಳಿ; ಆ ಬೀಜದಲ್ಲಿ ಲೆವೊಡೋಪ ನಿಜಕ್ಕೂ ಇದೆ, ಆದ್ದರಿಂದಲೇ ಮಾತ್ರೆಯ ಮೇಲೆ ಅದನ್ನೂ ಕೊಟ್ಟರೆ ಪ್ರಮಾಣ ಮೀರಿ ಕೈಕಾಲುಗಳು ತಾವಾಗಿ ಹೊಯ್ದಾಡುವುದು, ರಕ್ತದೊತ್ತಡ ಇಳಿಯುವುದು, ಇಲ್ಲದ್ದು ಕಣ್ಣಿಗೆ ಕಾಣುವುದು ಆಗಬಹುದು.